ಹೋಳಿಯ ಹಲಗಿ, ಸಾವಿನ ಹಲಗಿ

ಗದಗ ಎಂದರೆ ಸಂಗೀತದ ನೆಲ ಎಂದು ಶಾಲೆಯ ಮಾಸ್ತರರು ಮಕ್ಕಳಿಗೆ ಹೇಳಿಕೊಡುತ್ತಾರೆ. ಅದು ಸುಳ್ಳಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು (1892-1944) ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಬೆಳೆಸಿದರು. ಕಣ್ಣಿಲ್ಲದ ಮಕ್ಕಳಿಗೆ, ಗತಿಯಿಲ್ಲದ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಹಾಡು ಕಲಿಸಿದ ಜಾಗ ಅದು. ಇದೇ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಬಂತು. ಇವರ ಬಗ್ಗೆ ಪುಸ್ತಕಗಳಿವೆ, ಪುಣ್ಯತಿಥಿಗಳಿವೆ, ಧ್ವನಿಮುದ್ರಿಕೆಗಳಿವೆ. ಇವರಲ್ಲಿ ಯಾರನ್ನೂ ಹೀಗಳೆಯಲು ನಾವು ಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. ಈ ನೆಲದ ಹುಟ್ಟು, ಮದುವೆ, ಜಾತ್ರೆ, ಸಾವು ಎಲ್ಲವನ್ನೂ ಊರೂರಿಗೆ ಸಾರಿದ ಇನ್ನೊಂದು ಸದ್ದಿದೆ. ಅದರ ಚರಿತ್ರೆ ಎಲ್ಲಿದೆ?

ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯ ಸೀಮೆ ನಮ್ಮದು. ಒಂದು ಕಡೆ ಕಪ್ಪತಗುಡ್ಡ, ಇನ್ನೊಂದು ಕಡೆ ತುಂಗಭದ್ರೆ. ಈ ಸೀಮೆಯ ಕೇರಿಯಲ್ಲಿ ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳುವುದು ತಂಬೂರಿಯ ಶ್ರುತಿಯಲ್ಲ, ಹಲಗಿಯ ಸದ್ದು. ನಾವು ಸಣ್ಣವರಿದ್ದಾಗ ನಮ್ಮ ಕಾಕಾ ಸಂಜಿ ಮುಂದ ಕಟ್ಟಿಗೆ ಕುಂತಿರುತ್ತಿದ್ದ. ದೂರದಿಂದ ಸದ್ದು ಬರುತ್ತಿತ್ತು. ನಮಗೆ ಅದು ಬರೀ ಸದ್ದು. ಆತನಿಗೆ ಅದು ಸುದ್ದಿ.

"ಆ ಕಡಿ ಊರಾಗ ಯಾರೋ ಹೋಗ್ಯಾರ. ಮುದುಕರು. ಬಡಿತದಾಗ ಕುಣಿತ ಐತಿ ನೋಡು. ಹರೇದ ಹೆಣ ಆದ್ರ ಹಲಗಿ ಹಿಂಗ ಕುಣಿಯಂಗಿಲ್ಲ."

ಮರುದಿನ ಸಂತೆಯಿಂದ ಬಂದವರು ಅದೇ ಸುದ್ದಿ ತರುತ್ತಿದ್ದರು. ಓದು ಬಾರದ ಕಾಕಾ ಗಾಳಿಯಲ್ಲಿ ಬಂದ ಪತ್ರ ಓದುತ್ತಿದ್ದ. ಯಾವ ಊರಿನ ಹಲಗಿ ಎಂಬುದೂ ಆತನಿಗೆ ಗೊತ್ತಾಗುತ್ತಿತ್ತು. ಒಂದೊಂದು ಊರಿನ ಕೈ ಒಂದೊಂದು ತರ. ಒಬ್ಬರ ಬಡಿತದಲ್ಲಿ ನಡುವೆ ಉಸಿರು ಬಿಟ್ಟಂತೆ ಸಣ್ಣ ತಡೆ, ಇನ್ನೊಬ್ಬರದು ಬಿಡುವಿಲ್ಲದ ಮಳೆ. ನಕಾಶೆ ನೋಡದ ಮನುಷ್ಯನ ತಲೆಯಲ್ಲಿ ಸೀಮೆಯ ನಕಾಶೆ ಇತ್ತು. ಅದನ್ನು ಬರೆದದ್ದು ಸದ್ದು.

ಹಲಗಿ ಏನು ಎಂದು ಪೇಟೆಯ ಓದುಗರಿಗೆ ಹೇಳಬೇಕು. ಕಟ್ಟಿಗೆಯ ದುಂಡನೆಯ ಚೌಕಟ್ಟು, ಅದರ ಒಂದೇ ಮೈಗೆ ಬಿಗಿದ ತೊಗಲು. ಆಡಿನದೋ ಕರುವಿನದೋ ಎಮ್ಮೆಯದೋ ತೊಗಲನ್ನು ಹದ ಮಾಡಿ, ಕೂದಲು ತೆಗೆದು, ಹುಣಸಿಬೀಜದ ಅಂಟು ಹಚ್ಚಿ ಕೂಡಿಸುತ್ತಾರೆ. ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ತಂಪು ಹವೆಯಲ್ಲಿ ತೊಗಲು ಸಡಿಲಾಗಿ ಸದ್ದು ಸತ್ತುಹೋಗುತ್ತದೆ. ಅದಕ್ಕೇ ಬಾರಿಸುವ ಮುಂಚೆ ನಾಲ್ಕು ಕಣಿಕಿ ಹಚ್ಚಿ, ಉರಿಯ ಮುಂದೆ ಹಲಗಿ ಹಿಡಿದು ಕಾಯಿಸಬೇಕು. ಎಷ್ಟು ಕಾಯಬೇಕು ಎಂಬುದು ಬೆರಳಿಗೆ ಗೊತ್ತು. ಹೆಚ್ಚಾದರೆ ತೊಗಲು ಹರಿಯುತ್ತದೆ, ಕಡಿಮೆಯಾದರೆ ಬೊದ್ದ ಸದ್ದು. ಶ್ರುತಿ ಮಾಡುವುದು ಎಂದರೆ ತಂಬೂರಿಯ ಬಿರಟೆ ತಿರುಗಿಸುವುದಷ್ಟೇ ಅಲ್ಲ, ಉರಿಯ ಮುಂದೆ ಕುಕ್ಕರುಗಾಲಲ್ಲಿ ಕೂಡುವುದೂ ಶ್ರುತಿ ಮಾಡುವುದೇ. ನಮ್ಮ ಸಂಗೀತಶಾಸ್ತ್ರದ ಪಂಡಿತರು ಇದನ್ನು ಇನ್ನೂ ಒಪ್ಪಿದಂತಿಲ್ಲ.

ಹತ್ತಿರದ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇಲ್ಲಿಯದು ಎಂದು 'ಕವಿರಾಜಮಾರ್ಗ' ಹೇಳಿತು. ತನ್ನ ಕಾವ್ಯದ ಕನ್ನಡ ಪುಲಿಗೆರೆಯದೆಂದು ಪಂಪ ಹತ್ತನೆಯ ಶತಮಾನದಲ್ಲಿ ಹೆಮ್ಮೆಪಟ್ಟ. ಆ ತಿರುಳ ಕನ್ನಡವನ್ನು ಆಡಿದವರಲ್ಲಿ ಕೇರಿಯವರೂ ಇದ್ದರೋ ಇಲ್ಲವೋ? ಇದ್ದರು, ಇಲ್ಲದೆ ಹೊಲ ಉಳುವವರು ಯಾರು, ಸತ್ತ ದನ ಎಳೆಯುವವರು ಯಾರು? ಆದರೆ ಕಾವ್ಯ ಅವರ ದನಿ ಕೇಳಿಸಿಕೊಂಡಿಲ್ಲ. ಚಾಲುಕ್ಯರ ಕಾಲದ ಗುಡಿಗಳ ಶಾಸನಗಳಲ್ಲಿ ವಾದ್ಯದವರಿಗೆ ಭೂಮಿ ಬಿಟ್ಟ ಲೆಕ್ಕ ಸಿಗುತ್ತದೆ. ಅದು ಗುಡಿಯ ಒಳಗಿನ ವಾದ್ಯದ ಲೆಕ್ಕ. ಹೊರಗಿನ ವಾದ್ಯಕ್ಕೆ ಕಲ್ಲು ಕಡೆದವರು ಯಾರು?

ಹೊರಗಿನ ವಾದ್ಯದವನು ಬರಹದಲ್ಲಿ ತನ್ನ ಬಾಯಿಂದಲೇ ಮಾತಾಡಿದ್ದು ಹನ್ನೆರಡನೆಯ ಶತಮಾನದಲ್ಲಿ. ವಚನಕಾರರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬವನಿದ್ದಾನೆ. ತಲೆಯ ಮೇಲೆ ಮಾರಿಯನ್ನು ಹೊತ್ತು ಢಕ್ಕೆ ಬಾರಿಸುತ್ತ ತಿರುಗುವುದು ಅವನ ಕಾಯಕ. 'ಕಾಲಾಂತಕ ಭೀಮೇಶ್ವರಲಿಂಗ' ಅವನ ಅಂಕಿತ. ಬಸವಣ್ಣನ ಹೆಸರು ಹೇಳಿ ಮಠ ಕಟ್ಟಿದವರು ಈ ಢಕ್ಕೆಯವನನ್ನು ಎಷ್ಟು ಸಲ ನೆನೆದಿದ್ದಾರೆ? ಮುಂದೆ ಏನಾಯಿತು ನೋಡಿ. ನಮ್ಮ ಕಡೆ ಚಲವಾದಿಗಳು ಗಂಟೆಬಟ್ಟಲು ಹಿಡಿದು ಲಿಂಗವಂತರ ಮೆರವಣಿಗೆಯ ಮುಂದೆ ನಡೆಯುವ ಪದ್ಧತಿ ಬೆಳೆಯಿತು. ಸದ್ದು ಎಲ್ಲರಿಗಿಂತ ಮುಂದೆ. ಮೆರವಣಿಗೆ ಗುಡಿ ಮುಟ್ಟಿದ ಮೇಲೆ ಸದ್ದು ಮಾಡಿದವನು ಎಲ್ಲರಿಗಿಂತ ಹಿಂದೆ. ಕಾಯಕ ಎಂಬುದು ಚಾಕರಿಯಾದದ್ದು ಹೀಗೆ.

ಚಾಕರಿಗೆ ಸರಕಾರದ ಮೊಹರೂ ಬಿತ್ತು. ಮುಂಬಯಿ ಪ್ರಾಂತದಲ್ಲಿ 1874ರ ವತನ ಕಾಯ್ದೆ ಊರ ಚಾಕರಿಯನ್ನು ವಂಶಪಾರಂಪರ್ಯದ ಹುದ್ದೆ ಎಂದು ಬರೆದುಕೊಂಡಿತು. ತುಂಡು ಭೂಮಿ, ಸುಗ್ಗಿಯಲ್ಲಿ ಕಣದ ಆಯ, ಅದಕ್ಕೆ ಪ್ರತಿಯಾಗಿ ರಾತ್ರಿ ಹಗಲು ಕರೆದಾಗ ಓಡುವುದು. ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ 1928ರಲ್ಲಿ ಇದರ ತಿದ್ದುಪಡಿಗೆ ಮಸೂದೆ ತಂದರು. ಈ ಚೂರು ಭೂಮಿಯ ಆಸೆಯೇ ನಮ್ಮವರ ಕಾಲಿಗೆ ಸರಪಳಿ ಎಂಬುದನ್ನು ಅವರು ಕಂಡುಕೊಂಡಿದ್ದರು. ಕರ್ನಾಟಕದಲ್ಲಿ ಊರ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಹೆಣದ ಮುಂದೆ ಹಲಗಿ ಬಡಿಯಬೇಕು ಎಂದು ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲ. ಬರೆಯದ ಕಾಯ್ದೆಯನ್ನು ರದ್ದು ಮಾಡುವುದು ಹೇಗೆ? ಅದು ಊರಿನ ಬಾಯಲ್ಲಿತ್ತು.

ಇನ್ನು ಡಂಗುರ. ಹಳೆಯ ಕಾಲದಲ್ಲಿ ನಮ್ಮ ಸೀಮೆ ಚೂರುಚೂರಾಗಿ ಹಂಚಿಹೋಗಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ ಸೇರಿದವು. 1956ರಲ್ಲಿ ಎಲ್ಲ ಕೂಡಿ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ ಎಂದು ಹೆಸರಾಯಿತು. 1997ರಲ್ಲಿ ಗದಗ ಜಿಲ್ಲೆ ಆಯಿತು. ಸಾಂಗ್ಲಿಯ ದೊರೆಯ ಹುಕುಂ ಸಾರಿದ್ದೂ ಹಲಗಿ, ಮುಂಬಯಿಯ ಕಂದಾಯ ಸಾರಿದ್ದೂ ಹಲಗಿ, ಬೆಂಗಳೂರಿನ ಲೇವಿ ಸಾರಿದ್ದೂ ಹಲಗಿ. ಅಗಸಿಯಲ್ಲಿ ನಿಂತು "ಕೇಳ್ರಪ್ಪೋ ಕೇಳ್ರಿ" ಎಂದ ಗಂಟಲು ಮಾತ್ರ ಬದಲಾಗಲಿಲ್ಲ. ರಾಜ್ಯಗಳು ಬಂದು ಹೋದದ್ದನ್ನು ಚರಿತ್ರೆಕಾರರು ಪಟ್ಟಿ ಮಾಡಿದ್ದಾರೆ. ಎಲ್ಲ ರಾಜ್ಯಗಳನ್ನೂ ಸಾರಿದವನ ವಂಶಾವಳಿಯನ್ನು ಯಾರೂ ಮಾಡಿಲ್ಲ.

ಭೀಮಸೇನ ಜೋಶಿಯವರ ಬಾಲ್ಯದ ಒಂದು ಕತೆ ಪ್ರಸಿದ್ಧವಾಗಿದೆ. ಬೀದಿಯಲ್ಲಿ ಬಾಜಾಬಜಂತ್ರಿಯ ಮೆರವಣಿಗೆ ಹೊರಟರೆ ಆ ಹುಡುಗ ಬೆನ್ನು ಹತ್ತಿ ಹೋಗುತ್ತಿದ್ದ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ, ಅವರು ಶಾಲಾ ಶಿಕ್ಷಕರು, ಮಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆದುಬಿಟ್ಟರಂತೆ. ಹುಡುಗನನ್ನು ಕಂಡವರು ಮನೆಗೆ ಮುಟ್ಟಿಸುತ್ತಿದ್ದರು. ಚಂದದ ಕತೆ. ನಾವು ಅದನ್ನು ಇನ್ನೊಂದು ಕಡೆಯಿಂದ ನೋಡುತ್ತೇವೆ. ಮಾಸ್ತರರ ಮಗನ ಅಂಗಿಯ ಮೇಲೆ ಹೆಸರಿತ್ತು. ಅವನನ್ನು ಊರೆಲ್ಲ ಎಳೆದುಕೊಂಡು ಹೋದ ಆ ಬಾಜಾದವರು ಯಾರು? ಅವರ ಅಂಗಿಯ ಮೇಲೆ, ಅಂಗಿ ಇದ್ದರೆ, ಯಾವ ಹೆಸರೂ ಇರಲಿಲ್ಲ. ದೊಡ್ಡ ಗವಾಯಿಯ ಮೊದಲ ಗುರುಗಳಲ್ಲಿ ಅವರೂ ಸೇರಬೇಕಲ್ಲವೇ?

ಹಾಡಿದವರು ದೊಡ್ಡವರಾದರೂ ಜಾತಿ ಬೆನ್ನು ಬಿಡುತ್ತಿರಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಕರ್ನಾಟಕದ ಏಕೀಕರಣ ಕೋರಿ ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರು ಬರೆದ ಗೀತೆ ಅಲ್ಲಿಯೇ ಮೊಳಗಿತು. ಅಲ್ಲಿ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಹಾನಗಲ್ (1913-2009) ಒಬ್ಬರು. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡಿಸುತ್ತಾರೇನೋ, ಎಂಜಲು ತೆಗೆಯಲು ಹಚ್ಚುತ್ತಾರೇನೋ ಎಂದು ಆ ಹುಡುಗಿ ಒಳಗೊಳಗೇ ಹೆದರಿದ್ದಳು. ಮುಂದೆ ಗಂಗೂಬಾಯಿಯವರೇ ಇದನ್ನು ಹೇಳಿಕೊಂಡಿದ್ದಾರೆ. ಏಕೀಕರಣದ ಹಾಡು ಎಲ್ಲರಿಗೂ ನೆನಪಿದೆ. ಈ ಹೆದರಿಕೆ ಎಷ್ಟು ಜನಕ್ಕೆ ನೆನಪಿದೆ?

ಸನಾದಿಯ ಮಾತೂ ಒಂದಿಷ್ಟು. ನಮ್ಮ ಕಡೆ ಮದುವೆಗೆ ಸನಾದಿ ಊದುವವರು ಕೊರವರು, ಭಜಂತ್ರಿ ಎಂಬ ಅಡ್ಡಹೆಸರಿನವರು. 1977ರಲ್ಲಿ 'ಸನಾದಿ ಅಪ್ಪಣ್ಣ' ಸಿನಿಮಾ ಬಂದಾಗ ಟೆಂಟುಗಳಲ್ಲಿ ಜನ ಅತ್ತರು. ರಾಜಕುಮಾರ್ ಸನಾದಿ ಹಿಡಿದರು, ಅದಕ್ಕೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನರು. ಒಳ್ಳೆಯದೇ. ಆದರೆ ಅತ್ತು ಹೊರಗೆ ಬಂದ ಜನ ಮರುದಿನ ಮದುವೆಯಲ್ಲಿ ತಮ್ಮ ಊರ ಭಜಂತ್ರಿಗೆ ಹಂದರದ ಹೊರಗೇ ಎಲೆ ಹಾಕಿದರು.

ಈಗ ಹೋಳಿಗೆ ಬರೋಣ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆ ಕಡೆ ಹೋಳಿ ಎಂದರೆ ಬಣ್ಣಕ್ಕಿಂತ ಮುಂಚೆ ಹಲಗಿ. ಹುಣ್ಣಿಮೆ ಹತ್ತಿರ ಬಂದಂತೆ ಸಂತೆಯಲ್ಲಿ ಹಲಗಿ ಮಾರಾಟಕ್ಕೆ ಬರುತ್ತವೆ. ಗೌಡರ ಮಗನಿಗೂ ಒಂದು, ಶೆಟ್ಟರ ಮಗನಿಗೂ ಒಂದು, ಜೋಶಿಯವರ ಮಗನಿಗೂ ಒಂದು. ಹುಬ್ಬಳ್ಳಿ ಕಡೆ ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿಗೆ ಎಮ್ಮೆ ತೊಗಲು ಬಿಗಿದು ಜಗ್ಗಲಿಗೆ ಎಂಬ ದೊಡ್ಡ ವಾದ್ಯ ಮಾಡಿ ಇಡೀ ಓಣಿ ನಡುಗುವಂತೆ ಬಾರಿಸುತ್ತಾರೆ. ಎಷ್ಟೋ ಊರುಗಳಲ್ಲಿ ಕಾಮಣ್ಣನನ್ನು ಸುಡುವ ಬೆಂಕಿಯನ್ನು ಕೇರಿಯಿಂದಲೇ ತರಬೇಕು. ಆ ನಾಕು ದಿನ ತೊಗಲು ಮೈಲಿಗೆಯಲ್ಲ. ಕೇರಿಯ ಬೆಂಕಿ ಮೈಲಿಗೆಯಲ್ಲ. ಊರ ಹುಡುಗರು ಹಲಗಿಯನ್ನು ಎದೆಗೆ ಅವಚಿಕೊಂಡು ಬಡಿಯುತ್ತಾರೆ, ಯಾರೂ ಸ್ನಾನ ಮಾಡಿ ಬಾ ಎನ್ನುವುದಿಲ್ಲ. ರಂಗಪಂಚಮಿ ಮುಗಿದ ಮೇಲೆ ಅದೇ ಹಲಗಿ ಮತ್ತೆ ಹೊಲೆ.

ಹಾಗಾದರೆ ಹೊಲೆ ಇರುವುದು ತೊಗಲಿನಲ್ಲಲ್ಲ. ಊರವರಿಗೇ ಇದು ಗೊತ್ತಿದೆ, ವರುಷಕ್ಕೊಮ್ಮೆ ತಾವೇ ತೋರಿಸಿಕೊಡುತ್ತಾರೆ. ಸಂತೋಷಕ್ಕೆ ಬಡಿದರೆ ಅದು ಹಬ್ಬ, ಕರೆದಾಗ ಬಡಿಯಲೇಬೇಕಾದರೆ ಅದು ಜಾತಿ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹೆಜ್ಜೆ ಹಾಕುವಾಗಲೂ ಇದೇ ಹಲಗಿ ಬೇಕು, ಕುಸ್ತಿಯ ಕಣದಲ್ಲಿ ಪೈಲವಾನರಿಗೆ ಕಾವೇರಲೂ ಇದೇ ಬೇಕು. ಹಲಗಿ ಎಲ್ಲರಿಗೂ ಬೇಕು, ಹಲಗಿಯವ ಬೇಡ. ತಮಿಳುನಾಡಿನಲ್ಲಿ ಇದಕ್ಕೆ ಪರೈ ಎನ್ನುತ್ತಾರೆ. ಕನ್ನಡದ 'ಹರೆ' ಅದರ ಒಡಹುಟ್ಟು. ಪರೈ ಬಾರಿಸುವವರ ಜಾತಿಯ ಹೆಸರು ಇಂಗ್ಲಿಷರ ನಾಲಗೆಯಲ್ಲಿ 'ಪರಾಯ' ಎಂದಾಗಿ ಜಗತ್ತಿನಲ್ಲೆಲ್ಲ ಬಹಿಷ್ಕೃತ ಎಂಬ ಅರ್ಥ ಪಡೆಯಿತು. ಒಂದು ವಾದ್ಯದ ಹೆಸರೇ ಬೈಗುಳವಾಗಿ ಸಮುದ್ರ ದಾಟಿದ ಉದಾಹರಣೆ ಬೇರೆ ಯಾವುದಿದೆ?

ಎಪ್ಪತ್ತರ ದಶಕದಲ್ಲಿ ನಮ್ಮವರು ಎದ್ದರು. 1973ರ ಬೂಸಾ ಪ್ರಕರಣ, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಪುಸ್ತಕದ ಹೆಸರನ್ನೇ ಗಮನಿಸಿ: ಅದು ಹಾಡು. ಆ ಪದ್ಯಗಳು ಅಚ್ಚಿನಲ್ಲಿ ಓದಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಮೆರವಣಿಗೆಯ ಕಾಲಿನಲ್ಲಿ, ಹಲಗಿಯ ಬಡಿತದಲ್ಲಿ ಊರೂರು ತಿರುಗಿದವು. ಬಂಡಾಯ ಕಾವ್ಯದಲ್ಲಿ ಛಂದಸ್ಸಿಲ್ಲ ಎಂದು ಮೂಗು ಮುರಿದ ವಿಮರ್ಶಕರಿಗೆ ಒಂದೇ ಮಾತು: ಅದರ ಛಂದಸ್ಸು ನಿಮ್ಮ ಪುಸ್ತಕದಲ್ಲಿ ಇರಲಿಲ್ಲ, ನೀವು ಸಾವಿನ ಮನೆಯಲ್ಲಿ ಮಾತ್ರ ಕೇಳಿದ ವಾದ್ಯದಲ್ಲಿತ್ತು. ಮಹಾರಾಷ್ಟ್ರದಲ್ಲಿ ಅಂಬೇಡ್ಕರಿ ಜಲಸಾಗಳು, ತೆಲಂಗಾಣದಲ್ಲಿ ಗದ್ದರ್ ದಪ್ಪು ಮಾಡಿದ್ದೂ ಇದೇ ಕೆಲಸವನ್ನು.

ಆದರೆ ಅದೇ ಹೊತ್ತಿಗೆ ಇನ್ನೊಂದು ತೀರ್ಮಾನವನ್ನೂ ನಾವು ಮಾಡಿದ್ದೆವು. ಊರ ಹೆಣಕ್ಕೆ ಹಲಗಿ ಬಡಿಯುವುದಿಲ್ಲ. ಅದು ಸರಿಯಾದ ತೀರ್ಮಾನ, ಇವತ್ತಿಗೂ ನಾವು ಅದಕ್ಕೆ ಬದ್ಧರು. ನಮ್ಮ ಸೀಮೆಯ ಒಂದೂರಿನಲ್ಲಿ, ಹೆಸರು ಬೇಡ, ಹಾಸ್ಟೆಲಿನಲ್ಲಿ ಓದಿ ಬಂದ ಹುಡುಗರು ಹಿಂಗಂತ ಹೇಳಿದ ವರುಷ ಸುಗ್ಗಿಯಲ್ಲಿ ಕೇರಿಯವರಿಗೆ ಕಣದಲ್ಲಿ ಒಂದು ಸೇರು ಜ್ವಾಳ ಸಿಗಲಿಲ್ಲ. ಕೂಲಿಗೆ ಕರೆಯಲಿಲ್ಲ. ಕೇರಿ ಅದನ್ನೂ ತಡಕೊಂಡಿತು. ಹೆಂಗಸರು ದೂರದ ಊರಿಗೆ ಕಳೆ ತೆಗೆಯಲು ನಡೆದು ಹೋದರು. ಈ ಹೆಂಗಸರ ನಡಿಗೆಯನ್ನು ಯಾವ ಹೋರಾಟದ ವರದಿಯಲ್ಲೂ ನಾವು ಬರೆಯಲಿಲ್ಲ ಎಂಬುದೂ ನಿಜ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಬಿಟ್ಟಿ ಚಾಕರಿ ಬಿಡಿಸುವ ಆವೇಶದಲ್ಲಿ ನಾವು ಮುದುಕರಿಗೆ ನಾಚಿಕೆ ಹುಟ್ಟಿಸಿದೆವು. ಹಲಗಿ ಗುಲಾಮಗಿರಿಯ ಗುರುತು, ಒಲಿಗೆ ಹಾಕ್ರಿ ಅಂದೆವು. ಎಷ್ಟೋ ಮನೆಗಳಲ್ಲಿ ಹಾಕಿದರು. ನಮ್ಮ ಕಾಕಾ ಹಾಕಲಿಲ್ಲ. ಗೂಟಕ್ಕೆ ನೇತುಹಾಕಿದ, ಇಲಿ ತಿಂದವು. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿಗೆ ನಾವೇ ಪೇಟೆಯಿಂದ ಹಲಗಿ ತಂದು ಬಡಿದಾಗ ಆತ ಕಟ್ಟಿಯ ಮೇಲೆ ಕುಂತು ಕೇಳುತ್ತಿದ್ದ.

"ಇದು ಯಾವ ಬಡಿತಪಾ?" ಅಂದ.

"ಹೋರಾಟದ ಬಡಿತ ಕಾಕಾ."

"ಹೋಳಿದು ಅದು. ಊರ ಹುಡುಗರು ಬಡಿಯೂದು. ನಮ್ಮದು ಎಲ್ಲಿ ಬಿಟ್ರಿ?"

ನಾವು ಸುಮ್ಮನಾದೆವು. ಆತ ಹೇಳಿದ್ದು ಖರೆ. ನಮ್ಮ ಕೈಗೆ ಬರುತ್ತಿದ್ದದ್ದು ಶಾಲೆಯ ಗೆಳೆಯರ ಜೊತೆ ಹೋಳಿಯಲ್ಲಿ ಕಲಿತದ್ದು ಮಾತ್ರ. ಮದುವೆಯ ಬಡಿತ, ದೇವಿಯ ಬಡಿತ, ಡಂಗುರದ ಬಡಿತ, ಸಾವಿನಲ್ಲಿ ಮನೆ ಮುಂದಿನದು ಒಂದು, ದಾರಿಯದು ಒಂದು, ಕುಣಿಯ ಹತ್ತಿರದ್ದು ಒಂದು, ಇವು ಯಾವುದನ್ನೂ ನಾವು ಕಲಿತಿರಲಿಲ್ಲ. ಕಲಿಯಲು ಹೇಸಿದ್ದೆವು. ಹೇಸಿಕೆಯನ್ನು ನಮಗೆ ಕಲಿಸಿದವರು ಯಾರು ಎಂದು ಅವತ್ತು ಕೇಳಿಕೊಳ್ಳಲಿಲ್ಲ.

ಕಾಲ ಬದಲಾಗಿದೆ. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಮದುರೆಯ ಪರೈ ಕಲಾವಿದ ವೇಲು ಆಸಾನರಿಗೂ ಬಂತು. ಸಂತೋಷ. ಆದರೆ ದಿಲ್ಲಿಯಲ್ಲಿ ಪದಕ ಕೊಟ್ಟ ದಿನವೇ ಯಾವುದೋ ಹಳ್ಳಿಯಲ್ಲಿ ಹಲಗಿ ಬಡಿಯಲು ಒಲ್ಲೆ ಎಂದವನನ್ನು ಬೈದು ಕಳಿಸುವುದು ನಿಂತಿಲ್ಲ. ಡಂಗುರ ಈಗ ಪಂಚಾಯಿತಿಯ ಗಾಡಿಯ ಮೈಕಿಗೆ ಹೋಗಿದೆ. ಮದುವೆಗೆ ಡಿಜೆ. ಹಲಗಿಗೂ ತೊಗಲಿನ ಬದಲು ಫೈಬರ್ ಹಾಳೆ ಬಂದಿದೆ, ಅದಕ್ಕೆ ಬೆಂಕಿ ಬೇಡ. ಇದನ್ನೆಲ್ಲ ನಾವು ಗೋಳೆಂದು ಹೇಳುತ್ತಿಲ್ಲ. ಚಾಕರಿ ಮೈಕಿಗೆ ಹೋದರೆ ಹೋಗಲಿ, ಬಹಳ ಒಳ್ಳೆಯದಾಯಿತು.

ಉಳಿದಿರುವುದು ಬಡಿತ. ಅದು ಹಳ್ಳಿಯ ಶಿಕ್ಷಕರ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಊರಲ್ಲಿ ಎಪ್ಪತ್ತು ದಾಟಿದ ಹಲಗಿಯವರು ಎಷ್ಟು ಜನ, ಯಾರ ಕೈಯಲ್ಲಿ ಯಾವ ಬಡಿತ, ಅದನ್ನು ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು? ಗವಾಯಿಗಳಿಗೆ ಗುರುಪರಂಪರೆ ಬರೆಯುತ್ತೇವೆ, ಇವರಿಗೂ ಇದೆ. ಒಂದು ಮೊಬೈಲು, ಒಂದು ನೋಟುಬುಕ್ಕು ಸಾಕು. ಕೇಳುವ ಮುಂಚೆ ಒಂದು ಮಾತು ಮಾತ್ರ ಮರೆಯಬಾರದು. ಅವರನ್ನು ಶಾಲೆಯ ಕಟ್ಟಿಗೆ ಕರೆದು ಬಡಿಸುವುದಲ್ಲ, ನಾವು ಅವರ ಕಟ್ಟಿಗೆ ಹೋಗಿ ಕೂಡುವುದು.

ನಾವು ಹೋದದ್ದು ತಡವಾಗಿ. ಕಾಕಾನ ಮನೆಯಲ್ಲಿ ಹಲಗಿ ಇರಲಿಲ್ಲ, ಊಟದ ತಾಟು ಬೋರಲು ಹಾಕಿ ಎರಡು ಕಡ್ಡಿ ಕೊಟ್ಟೆವು. ಮದುವೆಯದು ಬಡಿದ. ದೇವಿಯದು ಬಡಿದ. ಕೇರಿಯ ಮಕ್ಕಳು ಸುತ್ತ ಕೂತು ಬೆರಳು ಎಣಿಸುತ್ತಿದ್ದರು. ಸಾವಿನ ದಾರಿಯ ಬಡಿತ ಅಂದೆವು. ಕಾಕಾ ಸ್ವಲ್ಪ ಹೊತ್ತು ಬಡಿದು ನಿಲ್ಲಿಸಿದ. ಮತ್ತೆ ಮೊದಲಿಂದ ಸುರು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿದ. ಮರೆತಿತೇನು ಕಾಕಾ ಅಂದೆವು.

"ಮರೆತಿಲ್ಲೋ. ಇದು ಜೋಡಿ ಹಲಗಿದು. ಇಲ್ಲಿಂದ ಮುಂದ ಅವ ಹೊಡೀತಿದ್ದ, ನಾ ಬಿಡತಿದ್ದೆ. ಅವ ಹೋಗಿ ಹನ್ನೆರಡು ವರ್ಸ ಆತು. ಅವನ ಪಾಲು ನನಗ ಬರಂಗಿಲ್ಲ."